ಮುಂಬೈಯೋ, ಹೈದರಾಬಾದೋ? ಮನೆಮಂದಿ ಮತ್ತು ಸ್ನೇಹಿತರೊಡನೆ ನೋಡಿದ ಎರಡು ಮಹಾನಗರಗಳು

ಕೊಡಗಿನಲ್ಲಿ ತೋಟವಿರುವ ಮನೆಯವರೆಲ್ಲ ಒಟ್ಟಾಗಿ ಊರು ಬಿಡಬಹುದಾದ ದಿನಗಳು ವರ್ಷದಲ್ಲಿ ಬಹಳ ಕಡಿಮೆ. ನವೆಂಬರ್ ಕೊನೆಯ ಹೊತ್ತಿಗೆ ಅರೇಬಿಕಾ ಕಾಫಿ ಹಣ್ಣಾಗುತ್ತದೆ, ಅದು ಮುಗಿಯುವ ಮೊದಲೇ ರೊಬಸ್ಟಾ ಕೊಯ್ಲು ಶುರುವಾಗುತ್ತದೆ, ಕಣದಲ್ಲಿ ಕಾಫಿ ಒಣಗುತ್ತಿರುವಾಗಲೇ ಕರಿಮೆಣಸು ಕೊಯ್ಯುವ ಕೆಲಸ ಬರುತ್ತದೆ, ಅದರ ನಡುವೆ ಕಾಫಿ ಹೂ ಅರಳಿಸುವ ಹೂಮಳೆಗೆ ಕಾಯಬೇಕು ಅಥವಾ ಸ್ಪ್ರಿಂಕ್ಲರ್ ಹೂಡಿ ತೋಟಕ್ಕೆ ನೀರು ಕೊಡಬೇಕು. ಜೂನ್‌ನಿಂದ ಮಳೆಗಾಲ. ಹೀಗಾಗಿ ಅಕ್ಟೋಬರ್ ನಡುವಿನ ತುಲಾ ಸಂಕ್ರಮಣದಂದು ತಲಕಾವೇರಿಯಲ್ಲಿ ತೀರ್ಥೋದ್ಭವವಾದ ನಂತರ ನಮ್ಮ ಸುಗ್ಗಿಹಬ್ಬ ಹುತ್ತರಿಯವರೆಗಿನ ಕೆಲವು ವಾರಗಳು, ಇಲ್ಲವೇ ಏಪ್ರಿಲ್ ಕೊನೆಯಿಂದ ಮೇ ನಡುಭಾಗದವರೆಗಿನ ಬಿಡುವು, ಇವೆರಡೇ ನಮ್ಮ ಪಾಲಿಗೆ ಉಳಿಯುತ್ತವೆ. ಇಷ್ಟು ಅಮೂಲ್ಯವಾದ ಬಿಡುವನ್ನು ಯಾವ ನಗರಕ್ಕೆ ಕೊಡಬೇಕು ಎಂಬ ಪ್ರಶ್ನೆ ಪ್ರತಿ ವರ್ಷವೂ ನೆಂಟರಲ್ಲಿ, ಸ್ನೇಹಿತರಲ್ಲಿ ಏಳುವುದರಿಂದ, ನಾವು ನೋಡಿ ಬಂದ ಮುಂಬೈ ಮತ್ತು ಹೈದರಾಬಾದ್ ನಗರಗಳನ್ನು ಅಕ್ಕಪಕ್ಕದಲ್ಲಿಟ್ಟು ಬರೆಯುತ್ತಿದ್ದೇನೆ. ಎರಡೂ ಕಡೆಗೆ ಹೋದದ್ದು ಹೆಚ್ಚುಕಡಿಮೆ ಅದೇ ತಂಡ: ಎಪ್ಪತ್ತು ದಾಟಿದ ನನ್ನ ಅತ್ತೆ ಮಾವ, ಶಾಲೆಗೆ ಹೋಗುವ ಮಕ್ಕಳು, ನಾವು ದಂಪತಿ ಮತ್ತು ಗೋಣಿಕೊಪ್ಪದ ಸ್ನೇಹಿತರ ಕುಟುಂಬ. ಈ ತಂಡದ ಸ್ವರೂಪವೇ ನನ್ನ ತೀರ್ಮಾನಕ್ಕೆ ಆಧಾರ. ಹರೆಯದವರು ಮಾತ್ರ ಹೋಗುವುದಾದರೆ ಲೆಕ್ಕ ಬೇರೆಯಾಗುತ್ತದೆ.

ಕೊಡಗಿಗೆ ರೈಲಿಲ್ಲ. ಹೈದರಾಬಾದಿಗೆ ಹೋಗಲು ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್ ದೂರದ ಮೈಸೂರಿಗೆ ಇಳಿದು, ಮಧ್ಯಾಹ್ನ ಹೊರಡುವ ಕಾಚಿಗುಡ ಎಕ್ಸ್‌ಪ್ರೆಸ್ ಹಿಡಿದರೆ ಮರುದಿನ ನಸುಕಿಗೆ ತಲುಪುತ್ತೇವೆ. ಮುಂಬೈಗೆ ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ ಹೋಗಿ ಕೊಂಕಣ ರೈಲು ಹಿಡಿಯುವುದು ನಮಗೆ ಅತ್ಯಂತ ಹಿತವೆನಿಸಿತು. 1998ರಲ್ಲಿ ಪೂರ್ತಿಯಾಗಿ ತೆರೆದ ಈ ಮಾರ್ಗದಲ್ಲಿ ಶರಾವತಿಯ ಮೇಲಿನ ಉದ್ದದ ಸೇತುವೆ, ಕಾರವಾರದ ಕಡೆಯ ಸುರಂಗಗಳು, ನಡುನಡುವೆ ಕಾಣುವ ಹಿನ್ನೀರು, ಇವೆಲ್ಲ ಸೇರಿ ಪ್ರಯಾಣವೇ ಪ್ರವಾಸದ ಮೊದಲ ನೋಟವಾಗುತ್ತದೆ. ಮಕ್ಕಳು ಸುರಂಗಗಳನ್ನು ಎಣಿಸುತ್ತಾ ಕತ್ತಲಾಗುವವರೆಗೆ ಕಿಟಕಿ ಬಿಡಲಿಲ್ಲ. ವಿಮಾನದಲ್ಲಿ ಹೋಗಬಯಸುವ ವಿರಾಜಪೇಟೆ ಕಡೆಯವರಿಗೆ 2018ರಲ್ಲಿ ಆರಂಭವಾದ ಕಣ್ಣೂರು ವಿಮಾನ ನಿಲ್ದಾಣ ಮಾಕುಟ್ಟ ಘಾಟಿಯ ಆಚೆಗೇ ಇದೆ. ಆದರೆ ನೆಲವನ್ನು ನೋಡುತ್ತಾ ಹೋಗುವ ಸುಖವನ್ನು ವಯಸ್ಸಾದವರು ಎಷ್ಟು ಇಷ್ಟಪಡುತ್ತಾರೆ ಎಂಬುದನ್ನು ಕಣ್ಣಾರೆ ಕಂಡ ಮೇಲೆ ನಾನು ರೈಲಿನ ಪಕ್ಷವನ್ನೇ ಹಿಡಿಯುತ್ತೇನೆ.

ಮುಂಬೈಯ ದೊಡ್ಡ ಅನುಕೂಲವೆಂದರೆ ನೋಡಬೇಕಾದ ಬಹುಪಾಲು ಸ್ಥಳಗಳು ನಗರದ ದಕ್ಷಿಣ ತುದಿಯಲ್ಲಿ ಒಂದರ ಪಕ್ಕ ಒಂದು ಇರುವುದು. 1924ರಲ್ಲಿ ಪೂರ್ಣಗೊಂಡ ಗೇಟ್‌ವೇ ಆಫ್ ಇಂಡಿಯಾದಿಂದ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯಕ್ಕೆ ಮಾವನವರ ನಡಿಗೆಯಲ್ಲಿಯೂ ಹತ್ತು ಹದಿನೈದು ನಿಮಿಷದ ದಾರಿ. ಈ ಎರಡು ಕಟ್ಟಡಗಳನ್ನೂ ರೂಪಿಸಿದವರು ಜಾರ್ಜ್ ವಿಟೆಟ್ ಎಂಬ ಒಬ್ಬರೇ ವಾಸ್ತುಶಿಲ್ಪಿ ಎಂಬುದನ್ನು ಹೇಳಿದಾಗ ಮಕ್ಕಳು ಕಮಾನುಗಳನ್ನು ಹೋಲಿಸಿ ನೋಡತೊಡಗಿದರು. ಅಲ್ಲಿಂದ ಸ್ವಲ್ಪ ಮುಂದೆ ಹೈಕೋರ್ಟು, ವಿಶ್ವವಿದ್ಯಾಲಯದ ಗಡಿಯಾರ ಗೋಪುರ, ಓವಲ್ ಮೈದಾನ. ಮೈದಾನದ ಒಂದು ಬದಿಗೆ ಗಾಥಿಕ್ ಶೈಲಿಯ ಕಲ್ಲಿನ ಕಟ್ಟಡಗಳು, ಇನ್ನೊಂದು ಬದಿಗೆ ಆರ್ಟ್ ಡೆಕೊ ಶೈಲಿಯ ವಾಸದ ಮನೆಗಳು. 2018ರಲ್ಲಿ ಯುನೆಸ್ಕೊ ಈ ಎರಡು ಸಾಲುಗಳನ್ನೂ ಸೇರಿಸಿ ವಿಶ್ವ ಪರಂಪರೆಯ ಪಟ್ಟಿಗೆ ತೆಗೆದುಕೊಂಡಿತು. 2004ರಲ್ಲಿಯೇ ಆ ಪಟ್ಟಿ ಸೇರಿದ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಸಹ ಹತ್ತಿರವೇ ಇದೆ, ಮತ್ತು ಅದನ್ನು ರಾತ್ರಿ ದೀಪ ಹಚ್ಚಿದ ಮೇಲೆ ರಸ್ತೆಯ ಈಚೆಯಿಂದ ನೋಡುವುದು ಹಗಲಿನಲ್ಲಿ ನೂಕುನುಗ್ಗಲಿನ ಮಧ್ಯೆ ನೋಡುವುದಕ್ಕಿಂತ ಎಷ್ಟೋ ಮೇಲು.

ಸ್ಥಳಗಳು ಹೀಗೆ ಒತ್ತಾಗಿರುವುದರಿಂದ ದೊಡ್ಡ ತಂಡವೊಂದು ಬೆಳಿಗ್ಗೆ ಬೇರೆಬೇರೆಯಾಗಿ ಮಧ್ಯಾಹ್ನದ ಊಟಕ್ಕೆ ಮತ್ತೆ ಕೂಡಬಹುದು. ಸ್ನೇಹಿತರ ಮನೆಯವರು ಫ್ಯಾಷನ್ ಸ್ಟ್ರೀಟಿನಲ್ಲಿ ಬಟ್ಟೆ ನೋಡುತ್ತಿರುವಾಗ ನಾವು ಸಂಗ್ರಹಾಲಯದಲ್ಲಿ ನಿಧಾನವಾಗಿ ಸುತ್ತಬಹುದಿತ್ತು. ಅತ್ತೆಯವರಿಗೆ ಕಾಲು ನೋವಾದರೆ ಕೋಣೆಗೆ ಹೋಗಿ ಒಂದು ಗಂಟೆ ಮಲಗಿ ಬರಬಹುದಿತ್ತು. ಮೂರು ತಲೆಮಾರಿನವರು ಒಟ್ಟಿಗೆ ಹೋದಾಗ ಇಂತಹ ಸ್ವಾತಂತ್ರ್ಯಕ್ಕಿಂತ ದೊಡ್ಡ ಸೌಕರ್ಯ ಬೇರೊಂದಿಲ್ಲವೆಂದು ನಾನು ದೃಢವಾಗಿ ನಂಬಿದ್ದೇನೆ.

ಎಲಿಫೆಂಟಾಕ್ಕೆ ಮಾತ್ರ ಒಂದು ಪೂರ್ತಿ ಹಗಲನ್ನು ಬಿಡಬೇಕು. ಗೇಟ್‌ವೇ ಪಕ್ಕದಿಂದ ಹೊರಡುವ ದೋಣಿ ದ್ವೀಪ ತಲುಪಲು ಸುಮಾರು ಒಂದು ಗಂಟೆ ತೆಗೆದುಕೊಳ್ಳುತ್ತದೆ. ದೋಣಿಕಟ್ಟೆಯಿಂದ ಮೆಟ್ಟಿಲಿನ ಬುಡದವರೆಗೆ ಪುಟ್ಟ ರೈಲಿದೆ, ನಂತರ ನೂರಿಪ್ಪತ್ತರಷ್ಟು ಮೆಟ್ಟಿಲುಗಳು, ಇಕ್ಕೆಲಗಳಲ್ಲಿ ಅಂಗಡಿಗಳ ಸಾಲು. ಏರಲಾಗದವರನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತೊಯ್ಯುವವರು ಇದ್ದಾರೆ. ಮಾವನವರು ಅದನ್ನು ಒಪ್ಪದೆ ಅಲ್ಲಲ್ಲಿ ಕುಳಿತು ಏರಿದರು. ಮುಖ್ಯ ಗುಹೆಯೊಳಗೆ ಇಪ್ಪತ್ತು ಅಡಿ ಎತ್ತರದ ಮೂರು ಮುಖಗಳ ಸದಾಶಿವ ಮೂರ್ತಿ, ಅದರ ಒಂದು ಪಕ್ಕಕ್ಕೆ ಅರ್ಧನಾರೀಶ್ವರ, ಇನ್ನೊಂದು ಪಕ್ಕಕ್ಕೆ ಗಂಗೆಯನ್ನು ಜಟೆಯಲ್ಲಿ ಧರಿಸುತ್ತಿರುವ ಗಂಗಾಧರ. ಸುತ್ತಲಿನ ಶಿಲ್ಪಗಳ ಕೈಕಾಲುಗಳು ಒಡೆದುಹೋಗಿದ್ದರೂ ಸದಾಶಿವನ ನಡುವಿನ ಮುಖದ ಶಾಂತಿ ಒಂದಿಷ್ಟೂ ಕದಡಿಲ್ಲ. ವರ್ಷವರ್ಷವೂ ಕಾವೇರಿಯ ತೀರ್ಥಕ್ಕೆ ಕೈಯೊಡ್ಡುವ ಅತ್ತೆಯವರು ಗಂಗಾಧರನ ಮುಂದೆ ಬಹಳ ಹೊತ್ತು ನಿಂತಿದ್ದರು. ನಮ್ಮಲ್ಲಿ ಯಾರೂ ಅವರನ್ನು ಅವಸರಪಡಿಸಲಿಲ್ಲ. ಸೋಮವಾರ ಗುಹೆಗಳಿಗೆ ರಜೆ, ಮತ್ತು ಮಳೆಗಾಲದಲ್ಲಿ ಸಮುದ್ರ ಕೆರಳಿದಾಗ ದೋಣಿಗಳು ನಿಲ್ಲುತ್ತವೆ.

ಲೋಕಲ್ ರೈಲಿನ ಬಗ್ಗೆ ನಮ್ಮೂರಿನವರಿಗೆ ಇರುವ ಭಯಕ್ಕೆ ಒಂದು ಸರಳ ಉತ್ತರವಿದೆ. ಬೆಳಿಗ್ಗೆ ಜನಪ್ರವಾಹ ದಕ್ಷಿಣದ ಕಡೆಗೆ, ಸಂಜೆ ಉತ್ತರದ ಕಡೆಗೆ ಹರಿಯುತ್ತದೆ. ದಕ್ಷಿಣದಲ್ಲಿಯೇ ಉಳಿದುಕೊಂಡವರು ಬೆಳಿಗ್ಗೆ ಹನ್ನೊಂದರ ನಂತರ ಚರ್ಚ್‌ಗೇಟಿನಲ್ಲಿ ಹತ್ತಿ, ಸಂಜೆ ಐದರೊಳಗೆ ಹಿಂತಿರುಗಿದರೆ ಕೂರಲು ಜಾಗ ಸಿಗುತ್ತದೆ. ಹಾಗೆ ಹೋಗಿಯೇ ನಾವು ದಕ್ಷಿಣ ಭಾರತೀಯರು ಬಹಳವಿರುವ ಮಾಟುಂಗದಲ್ಲಿ ಇಡ್ಲಿ, ರಸಂ ತಿಂದು ಬಂದೆವು. ಆ ಬೀದಿಗಳಲ್ಲಿ ಕನ್ನಡ ಕಿವಿಗೆ ಬೀಳುವುದು ಮನೆಬಿಟ್ಟು ಬಂದ ಹಿರಿಯರಿಗೆ ಎಷ್ಟು ನೆಮ್ಮದಿ ಕೊಡುತ್ತದೆ ಎಂಬುದನ್ನು ಬಾಯಲ್ಲಿ ಹೇಳಲಾಗದು. ದಕ್ಷಿಣ ಮುಂಬೈಯಲ್ಲಿ ಆಟೊಗಳಿಗೆ ಪ್ರವೇಶವಿಲ್ಲ, ಆದ್ದರಿಂದ ನಾಲ್ಕು ಜನರ ಟ್ಯಾಕ್ಸಿಯೇ ಗತಿ. ದೊಡ್ಡ ತಂಡಕ್ಕೆ ಎರಡು ಮೂರು ಟ್ಯಾಕ್ಸಿ ಬೇಕಾಗಿ ಖರ್ಚು ಏರುತ್ತದೆ. ವಸತಿಯೂ ದುಬಾರಿ, ಕೋಣೆಗಳು ಇಕ್ಕಟ್ಟು. ಕಡಿಮೆ ಬಾಡಿಗೆಗೆ ಆಸೆಪಟ್ಟು ದೂರದ ಉಪನಗರದಲ್ಲಿ ಉಳಿಯುವುದಕ್ಕಿಂತ, ಎರಡು ರಾತ್ರಿ ಕಡಿಮೆ ಮಾಡಿಕೊಂಡು ಕೊಲಾಬಾ ಅಥವಾ ಫೋರ್ಟ್ ಪ್ರದೇಶದಲ್ಲಿ ಉಳಿಯುವುದು ಸರಿಯಾದ ಆಯ್ಕೆ.

ಹೈದರಾಬಾದಿನ ಸ್ವಭಾವ ಇದಕ್ಕೆ ತೀರಾ ಬೇರೆ. ಅಲ್ಲಿನ ಸ್ಥಳಗಳು ಒಂದಕ್ಕೊಂದು ದೂರ, ಆದರೆ ಒಂದೊಂದೂ ಅರ್ಧ ದಿನವನ್ನು ಬೇಡುವಷ್ಟು ತುಂಬಿಕೊಂಡಿವೆ. ಗೋಲ್ಕೊಂಡ ಕೋಟೆಯ ಫತೇ ದರ್ವಾಜಾದ ಗುಮ್ಮಟದ ಕೆಳಗೆ ಚಪ್ಪಾಳೆ ತಟ್ಟಿದರೆ ಬೆಟ್ಟದ ನೆತ್ತಿಯ ಬಾಲಾ ಹಿಸಾರ್‌ನಲ್ಲಿ ಕೇಳಿಸುತ್ತದೆ. ಶತ್ರು ಬಂದ ಸುದ್ದಿ ಮೇಲಕ್ಕೆ ಮುಟ್ಟಿಸಲು ಮಾಡಿದ ಈ ಏರ್ಪಾಟನ್ನು ಮಕ್ಕಳು ಅರ್ಧ ಗುಂಪು ಕೆಳಗೆ, ಅರ್ಧ ಗುಂಪು ಮೇಲೆ ನಿಂತು ಪರೀಕ್ಷಿಸಿದರು. 1687ರಲ್ಲಿ ಔರಂಗಜೇಬನ ಸೈನ್ಯ ಎಂಟು ತಿಂಗಳ ಮುತ್ತಿಗೆಯ ನಂತರ ಈ ಕೋಟೆಯನ್ನು ವಶಪಡಿಸಿಕೊಂಡದ್ದನ್ನು ಓದಿ ಹೋದವರಿಗೆ ಆ ಗೋಡೆಗಳ ಅರ್ಥ ಇನ್ನಷ್ಟು ತೆರೆಯುತ್ತದೆ. ಆದರೆ ನೆತ್ತಿಗೆ ಮುನ್ನೂರಕ್ಕೂ ಮಿಕ್ಕಿ ಮೆಟ್ಟಿಲುಗಳಿವೆ, ನೆರಳು ಬಹಳ ಕಡಿಮೆ; ಹಿರಿಯರು ಕೆಳಗಿನ ಹುಲ್ಲುಹಾಸಿನಲ್ಲಿಯೇ ಉಳಿದರು. ಗೋಲ್ಕೊಂಡವನ್ನಾಳಿದ ಕುತುಬ್‌ಶಾಹಿ ಅರಸರ ಗೋರಿಗಳಿರುವ ಸಮೀಪದ ಉದ್ಯಾನ ಅವರಿಗೆ ಹೆಚ್ಚು ಇಷ್ಟವಾಯಿತು, ಏಕೆಂದರೆ ಅಲ್ಲಿ ಏರುವ ಕಷ್ಟವಿಲ್ಲದೆ ಗುಮ್ಮಟಗಳ ನಡುವೆ ನಡೆಯಬಹುದು.

ಮೂಸಿ ನದಿಯ ದಡದ ಸಾಲಾರ್ ಜಂಗ್ ಸಂಗ್ರಹಾಲಯಕ್ಕೆ ಸಮನಾದದ್ದನ್ನು ಮುಂಬೈಯಲ್ಲಿ ನಾನು ಕಾಣಲಿಲ್ಲ. ನಿಜಾಮರ ದಿವಾನರಾಗಿದ್ದು ಮೂರನೆಯ ಸಾಲಾರ್ ಜಂಗ್ ಎನಿಸಿದ ಮೀರ್ ಯೂಸುಫ್ ಅಲಿ ಖಾನರು ಜೀವಮಾನವೆಲ್ಲ ಕೂಡಿಹಾಕಿದ ವಸ್ತುಗಳ ಮುಖ್ಯ ಭಾಗವಿದು, 1951ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಬೆನ್ಸೋನಿ ಎಂಬ ಇಟಲಿಯ ಶಿಲ್ಪಿ ಅಮೃತಶಿಲೆಯಲ್ಲಿ ಕೆತ್ತಿದ, ಬೈಬಲಿನಲ್ಲಿ ಬರುವ ರೆಬೆಕಾಳ ಮುಖದ ಮೇಲಿನ ತೆಳು ಮುಸುಕು ಕೂಡ ಕಲ್ಲೇ ಎಂಬುದನ್ನು ನಂಬಲು ಕಣ್ಣು ಒಪ್ಪುವುದಿಲ್ಲ. ಗಂಟೆಗೊಮ್ಮೆ ಪುಟ್ಟ ಗೊಂಬೆ ಹೊರಬಂದು ಗಂಟೆ ಬಾರಿಸುವ ಗಡಿಯಾರದ ಮುಂದೆ ಜನ ಸಿನಿಮಾಕ್ಕೆ ಕುಳಿತಂತೆ ಕುಳಿತಿರುತ್ತಾರೆ. ಮಧ್ಯಾಹ್ನ ಹನ್ನೆರಡಕ್ಕೆ ಹೋದರೆ ಹನ್ನೆರಡು ಬಡಿತಗಳೂ ಸಿಗುತ್ತವೆ. ಒಳಗೆ ಕುಳಿತು ದಣಿವಾರಿಸಿಕೊಳ್ಳಲು ಜಾಗವಿರುವುದು ಹಿರಿಯರಿಗೆ ಉಪಕಾರ. ಈ ಸಂಗ್ರಹಾಲಯಕ್ಕೂ ಚೌಮಹಲ್ಲಾ ಅರಮನೆಗೂ ಶುಕ್ರವಾರ ರಜೆ ಇರುವುದರಿಂದ, ಶುಕ್ರವಾರವನ್ನು ಗೋಲ್ಕೊಂಡಕ್ಕೆ ಮೀಸಲಿಡುವುದು ಒಳ್ಳೆಯದು.

1591ರ ಚಾರ್ಮಿನಾರ್ ಸುತ್ತಲಿನ ಬೀದಿಗಳಲ್ಲಿ, ವಿಶೇಷವಾಗಿ ಬಳೆಗಳ ಲಾಡ್ ಬಜಾರಿನಲ್ಲಿ, ಹೆಂಗಸರೂ ಮಕ್ಕಳೂ ಮೈಮರೆತರು. ಕನ್ನಡ ಬಲ್ಲವರಿಗೆ ತೆಲುಗು ಲಿಪಿ ಹೆಚ್ಚುಕಡಿಮೆ ಓದಲು ಬರುವುದರಿಂದ ಅಂಗಡಿಗಳ, ಬಸ್ಸುಗಳ ಫಲಕಗಳನ್ನು ಮಾವನವರೇ ಓದಿ ದಾರಿ ಹೇಳುತ್ತಿದ್ದರು. ಮುಂಬೈಯಲ್ಲಿ ಆ ಧೈರ್ಯ ಅವರಿಗೆ ಇರಲಿಲ್ಲ. ಇರಾನಿ ಚಹಾ ಮತ್ತು ಉಸ್ಮಾನಿಯಾ ಬಿಸ್ಕತ್ತು ಎಲ್ಲರಿಗೂ ಒಪ್ಪಿತು. ಬಿರಿಯಾನಿಯಲ್ಲಿ ಕುರಿಮಾಂಸದ್ದೇ ಶ್ರೇಷ್ಠ. ಆದರೆ ತಂಡದಲ್ಲಿ ಸಸ್ಯಾಹಾರಿಗಳಿದ್ದರೆ ಮುಂಬೈಯಲ್ಲಿ ಸಿಗುವಷ್ಟು ವೈವಿಧ್ಯ ಹಳೆಯ ಹೈದರಾಬಾದಿನಲ್ಲಿ ಸಿಗದು.

ತೊಡಕಿರುವುದು ಓಡಾಟದಲ್ಲಿ. 2017ರಲ್ಲಿ ಆರಂಭವಾದ ಮೆಟ್ರೊ ಸ್ವಚ್ಛವಾಗಿದೆ, ವೇಗವಾಗಿದೆ, ಆದರೆ ನಾವು ಹೋದಾಗ ಅದು ಚಾರ್ಮಿನಾರ್ ಕಡೆಗೂ ಗೋಲ್ಕೊಂಡದ ಕಡೆಗೂ ಮುಟ್ಟುತ್ತಿರಲಿಲ್ಲ. ಹೀಗಾಗಿ ಇಡೀ ತಂಡಕ್ಕೆ ಒಂದು ದೊಡ್ಡ ವಾಹನವನ್ನು ದಿನದ ಬಾಡಿಗೆಗೆ ಹಿಡಿಯಬೇಕಾಗುತ್ತದೆ, ಮತ್ತು ಒಬ್ಬರಿಗೆ ಸುಸ್ತಾದರೆ ಎಲ್ಲರೂ ಕಾಯಬೇಕಾಗುತ್ತದೆ. ಹುಸೇನ್ ಸಾಗರದ ಬುದ್ಧನನ್ನು ನೋಡಲು ಸಂಜೆಯ ದೋಣಿ ಸಾಕು. 1990ರಲ್ಲಿ ಸಾಗಿಸುವಾಗ ಕೆರೆಯಲ್ಲಿ ಮುಳುಗಿ, 1992ರಲ್ಲಿ ಮೇಲೆತ್ತಿ ನಿಲ್ಲಿಸಿದ ಏಕಶಿಲೆಯ ಮೂರ್ತಿಯದು. ರಾಮೋಜಿ ಫಿಲ್ಮ್ ಸಿಟಿ ನಗರದಿಂದ ಬಹಳ ಹೊರಗಿದೆ, ಟಿಕೆಟ್ ದರ ಹೆಚ್ಚು, ಬೆಳಗಿನಿಂದ ಸಂಜೆಯವರೆಗೆ ನಡಿಗೆ. ಮಕ್ಕಳು ಹಟ ಹಿಡಿದರೆ ಮಾತ್ರ ಹೋಗಬಹುದು.

ಹವೆಯ ವಿಚಾರವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಸಮುದ್ರಮಟ್ಟದಿಂದ 1,100 ಮೀಟರಿಗೂ ಎತ್ತರದ ಮಡಿಕೇರಿಯಲ್ಲಿ ಬದುಕುವ ದೇಹಕ್ಕೆ ಎರಡೂ ಊರುಗಳ ಬಿಸಿಲು ಕಠಿಣವೇ. ಮೇ ತಿಂಗಳಿನಲ್ಲಿ ಹೈದರಾಬಾದಿನ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಆ ಬಿಸಿಲಿನಲ್ಲಿ ಹಿರಿಯರನ್ನು ಗೋಲ್ಕೊಂಡಕ್ಕೆ ಕರೆದೊಯ್ಯುವುದು ಅಪಾಯ. ಮೇ ತಿಂಗಳ ಮುಂಬೈಯಲ್ಲಿ ಬೆವರು ಹೆಚ್ಚಾದರೂ ಸಂಜೆ ಮರೀನ್ ಡ್ರೈವಿನಲ್ಲಿ ಗಾಳಿ ಇರುತ್ತದೆ. ಅಕ್ಟೋಬರ್ ಕೊನೆಗೆ ಲೆಕ್ಕ ತಿರುಗುತ್ತದೆ: ಮಳೆ ಹಿಂದೆ ಸರಿದ ಮುಂಬೈ ಸೆಕೆಯಿಂದ ಬೇಯುತ್ತಿರುವಾಗ, ದಖ್ಖನಿನ ಪ್ರಸ್ಥಭೂಮಿಯ ಮೇಲಿರುವ ಹೈದರಾಬಾದಿನ ಸಂಜೆಗಳು ಹಿತವಾಗಿರುತ್ತವೆ.

ಆದ್ದರಿಂದ ಸ್ನೇಹಿತರೂ ಸೇರಿ ಎಂಟು ಹತ್ತು ಜನರ, ಬೇರೆಬೇರೆ ವಯಸ್ಸಿನ, ಬೇರೆಬೇರೆ ಆಸೆಗಳ ತಂಡಕ್ಕೆ, ಸೆಕೆ ಇದ್ದರೂ ಖರ್ಚು ಹೆಚ್ಚಾದರೂ, ನಾನು ಮುಂಬೈಯನ್ನೇ ಸೂಚಿಸುತ್ತೇನೆ. ಒಂದು ಕಾರಿನಲ್ಲಿ ಹಿಡಿಸುವ ಚಿಕ್ಕ ಕುಟುಂಬ, ಅದರಲ್ಲಿ ಇತಿಹಾಸದ ಬಗ್ಗೆ ಆಸಕ್ತಿಯಿರುವ ಒಬ್ಬರಾದರೂ ಇದ್ದರೆ, ಅಕ್ಟೋಬರ್ ಕೊನೆಯಲ್ಲಿ ಹೈದರಾಬಾದಿಗೆ ಹೋಗಲಿ. ಅಲ್ಲಿ ಕಡಿಮೆ ಹಣಕ್ಕೆ ವಿಶಾಲವಾದ ಕೋಣೆ ಸಿಗುತ್ತದೆ. ಚೆನ್ನೈಯ ಹೆಸರನ್ನೂ ಕೆಲವರು ಎತ್ತುತ್ತಾರೆ. ಎಗ್ಮೋರ್ ಸಂಗ್ರಹಾಲಯದ ಚೋಳರ ಕಾಲದ ಕಂಚಿನ ಮೂರ್ತಿಗಳಿಗಾಗಿ ಆ ನಗರಕ್ಕೆ ಒಂದು ದಿನ ಸಲ್ಲಬೇಕು, ಆದರೆ ಮನೆಮಂದಿಯೆಲ್ಲ ನೆನಪಿಟ್ಟುಕೊಂಡದ್ದು ಚೆನ್ನೈಯ ಹೊರಗಿನ ಮಹಾಬಲಿಪುರವನ್ನು. ನಗರ ನೋಡುವ ಪ್ರವಾಸವೆಂದು ಅದನ್ನು ಈ ಹೋಲಿಕೆಗೆ ಸೇರಿಸಲಾಗದು.

ರೈಲಿನ ಮುಂಗಡ ಟಿಕೆಟ್ ಈಗ ಪ್ರಯಾಣಕ್ಕೆ 60 ದಿನ ಮೊದಲು ತೆರೆಯುತ್ತದೆ. ಹುತ್ತರಿಯ ದಿನ ಕಕ್ಕಬ್ಬೆಯ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ನಿಶ್ಚಯವಾಗುವವರೆಗೆ ಕಾದು ಕುಳಿತರೆ ಒಟ್ಟಿಗೆ ಇಷ್ಟು ಜನರಿಗೆ ಬರ್ತ್ ಸಿಗುವುದಿಲ್ಲ. ತುಲಾ ಸಂಕ್ರಮಣದ ಮರುವಾರಕ್ಕೇ ಹೊರಡುವಂತೆ ಲೆಕ್ಕ ಹಾಕಬೇಕು. ಅಂದರೆ ಟಿಕೆಟ್ ತೆಗೆಯಬೇಕಾದದ್ದು ಆಗಸ್ಟ್ ಕೊನೆಯಲ್ಲಿ, ಗಾಳಿಮಳೆಗೆ ಮರ ಬಿದ್ದು ನಮ್ಮಲ್ಲಿ ಕರೆಂಟೂ ನೆಟ್‌ವರ್ಕೂ ದಿನಗಟ್ಟಲೆ ಇಲ್ಲದಿರುವ ಸಮಯದಲ್ಲಿ. ಆ ಕೆಲಸವನ್ನು ಮೈಸೂರಿನಲ್ಲಿಯೋ ಬೆಂಗಳೂರಿನಲ್ಲಿಯೋ ಇರುವ ನೆಂಟರಿಗೆ ಜುಲೈಯಲ್ಲಿಯೇ ಒಪ್ಪಿಸಿ, ಹಿರಿಯರಿಗೆ ಕೆಳಗಿನ ಬರ್ತ್ ಬೇಕೆಂಬುದನ್ನು ಅವರ ವಯಸ್ಸಿನ ಸಮೇತ ಬರೆದು ಕೊಡಿ.