ಹಿಮ್ಮುಖ ಕಾರ್ ಸೀಟು: ಹೊಲಿಗೆಯವಳ ಆರು ತಿಂಗಳ ಬಳಕೆ

ನಾನು ಬಟ್ಟೆ ಹೊಲಿಯುವವಳು. ಹಾಗಾಗಿ ನಮ್ಮ ಕೂಸಿಗೆ ತಂದ ಕಾರ್ ಸೀಟಿನ ಪೆಟ್ಟಿಗೆ ಬಿಚ್ಚಿದ ತಕ್ಷಣ ನನ್ನ ಕೈ ಹೋಗಿದ್ದು ಅದರ ಪಟ್ಟಿಗಳ ಮೇಲೆ. ದಟ್ಟ ನೇಯ್ಗೆ, ಅಂಚಿನಲ್ಲಿ ಒಂದೆಳೆಯೂ ಬಿಚ್ಚಿಕೊಂಡಿಲ್ಲ, ತುದಿಗಳಲ್ಲಿ ಹೋಗಿಬಂದು ನಾಲ್ಕಾರು ಸಾಲು ಹೊಲಿಗೆ. ಅಷ್ಟು ನೋಡಿಯೇ ಒಪ್ಪಿಬಿಟ್ಟೆ. ಪಟ್ಟಿ ಇಷ್ಟು ಗಟ್ಟಿ ಇದ್ದಮೇಲೆ ಉಳಿದದ್ದೇನು, ಗಾಡಿಯಲ್ಲಿ ಕೂರಿಸುವುದೊಂದು ತಾನೇ ಅಂದುಕೊಂಡೆ. ಆ ಕೂರಿಸುವುದೊಂದಕ್ಕೇ ಮೂರು ವಾರ ಹಿಡಿಯಿತು. ಅದರಲ್ಲೂ ಹೆಚ್ಚಿನ ತಪ್ಪುಗಳು ನನ್ನ ಕಸುಬಿನಿಂದಲೇ ಬಂದವು.

ಮೊದಲು ಸೀಟಿನ ವಿವರ. ಮಕ್ಕಳ ಕಾರ್ ಸೀಟುಗಳ ಸುರಕ್ಷತೆಗೆಂದು ವಿಶ್ವಸಂಸ್ಥೆಯ ಕಡೆಯಿಂದ ಬಂದ ಆರ್129 ನಿಯಮಕ್ಕೆ ಒಳಪಟ್ಟ ಐ-ಸೈಜ್ ಸೀಟು, ಅಂದರೆ ಮಗುವಿನ ಉದ್ದ ನೋಡಿ ಆರಿಸುವಂಥದ್ದು. ಮಗುವಿನ ಉದ್ದ 40 ಸೆಂ.ಮೀ.ಯಿಂದ 105 ಸೆಂ.ಮೀ. ಆಗುವವರೆಗೆ ಗಾಡಿಯ ಹಿಂಬದಿಗೆ ಮುಖ ಮಾಡಿ ಕೂರಿಸಬಹುದು. ಗಾಡಿಯ ಸೀಟಿನಲ್ಲೇ ಇರುವ ಲೋಹದ ಸರಳುಗಳಿಗೆ ಸಿಕ್ಕಿಸಲು ಐಸೋಫಿಕ್ಸ್ ಅನ್ನುವ ಕೊಂಡಿ ಎರಡು, ನೆಲಕ್ಕೆ ಊರಲು ಉದ್ದ ಹೆಚ್ಚುಕಡಿಮೆ ಮಾಡಬಹುದಾದ ಕಾಲು ಒಂದು. ನಮ್ಮ ತಕ್ಕಡಿಯಲ್ಲಿ 13 ಕಿಲೋ ತೂಗಿತು. ಕಂಪನಿಯ ಹೆಸರು ಬೇಕೆಂದೇ ಹೇಳುತ್ತಿಲ್ಲ. ಒಂದು ಗಾಡಿಯಲ್ಲಿ ಬಂಡೆಯಂತೆ ಕೂರುವ ಸೀಟು ಇನ್ನೊಂದರಲ್ಲಿ ಕೂರದೇ ಇರಬಹುದು. ನನ್ನ ಮಾತು ನಂಬಿ ಅದನ್ನೇ ತಂದು, ನಿಮ್ಮ ಗಾಡಿಗೆ ಒಗ್ಗದಿದ್ದರೆ ಬೈಗುಳ ನನಗೇ. ಸೀಟಿನವರು ಕೊಡುವ ಗಾಡಿಗಳ ಪಟ್ಟಿಯಲ್ಲಿ ನಿಮ್ಮ ಗಾಡಿ ಇದೆಯೇ, ಇದ್ದರೆ ಯಾವ ಸಾಲಿನ ಯಾವ ಜಾಗಕ್ಕೆ ಅಂತ ನೋಡಿಕೊಳ್ಳಿ.

ಹಿಂದಕ್ಕೆ ಮುಖ ಯಾಕೆ ಅಂತ ಮನೆಯಲ್ಲಿ ದೊಡ್ಡ ಚರ್ಚೆಯೇ ಆಯಿತು. ಅತ್ತೆ, "ಪಾಪ, ಗೋಡೆ ನೋಡ್ಕೊಂಡು ಕೂತಿರುತ್ತಲ್ಲಮ್ಮಾ ಕೂಸು, ನನ್ ತೊಡೆ ಮೇಲಿದ್ರೆ ಏನಾಗುತ್ತೆ?" ಅಂದರು. ನಾನು ಒಂದು ಪುಟ್ಟ ಅಂಗಿ ತಂದು ತೋರಿಸಿದೆ. ಕೂಸಿನ ಅಂಗಿಗೆ ಕೊರಳು ಅಗಲ ಇಡಬೇಕು, ಇಲ್ಲವೇ ಹೆಗಲ ಮೇಲೆ ಬಟನ್ ಕೊಡಬೇಕು, ಇಲ್ಲದಿದ್ದರೆ ತಲೆ ತೂರುವುದಿಲ್ಲ. ಹುಟ್ಟಿದ ಮಗುವಿನ ಉದ್ದದಲ್ಲಿ ಸುಮಾರು ಕಾಲುಭಾಗ ತಲೆಯೇ. ಅದನ್ನು ಹೊತ್ತ ಕುತ್ತಿಗೆಯ ಮೂಳೆಗಳಲ್ಲಿ ಇನ್ನೂ ಎಷ್ಟೋ ಭಾಗ ಮೃದ್ವಸ್ಥಿ. ಮುಂದಕ್ಕೆ ಮುಖ ಮಾಡಿ ಕೂತಿರುವಾಗ ಗಾಡಿ ಎದುರಿಗೆ ಗುದ್ದಿದರೆ ಮೈಯನ್ನು ಪಟ್ಟಿಗಳು ಹಿಡಿಯುತ್ತವೆ, ತಲೆ ಮಾತ್ರ ಮುಂದಕ್ಕೆ ಹಾರುತ್ತದೆ. ಆ ಎಳೆತವೆಲ್ಲ ಕುತ್ತಿಗೆಗೆ. ಹಿಂದಕ್ಕೆ ಮುಖ ಮಾಡಿದ್ದರೆ ಬೆನ್ನು, ಕುತ್ತಿಗೆ, ತಲೆ ಮೂರೂ ಒಟ್ಟಿಗೆ ಸೀಟಿನ ಚಿಪ್ಪಿಗೆ ಒತ್ತಿಕೊಳ್ಳುತ್ತವೆ, ಪೆಟ್ಟು ಇಡೀ ಬೆನ್ನಿಗೆ ಹಂಚಿಹೋಗುತ್ತದೆ. ಈ ಉಪಾಯ ಇವತ್ತಿನದಲ್ಲ. ಸ್ವೀಡನ್ನಿನ ಸಂಶೋಧಕ ಬರ್ಟಿಲ್ ಆಲ್ಡ್‌ಮನ್ ಅಮೆರಿಕದ ಜೆಮಿನಿ ನೌಕೆಯ ಗಗನಯಾತ್ರಿಗಳು ಬೆನ್ನು ಕೊಟ್ಟು ಮಲಗಿ ಮೇಲೇರುವ ಆಸನ ನೋಡಿ ಇದನ್ನು ಯೋಚಿಸಿದರು. 1964ರಲ್ಲಿ ವೋಲ್ವೊ ಕಾರಿನಲ್ಲಿ ಮೊದಲ ಮಾದರಿಯ ಪರೀಕ್ಷೆ ನಡೆಯಿತು. ಗಗನಯಾತ್ರಿ ಅಂದಕೂಡಲೇ ಅತ್ತೆ ಸುಮ್ಮನಾದರು. ಮೂಳೆಯ ಮಾತಿಗೆ ಬಗ್ಗದವರು ಅದಕ್ಕೆ ಬಗ್ಗಿದರು!

ಜಾಗ ಆರಿಸುವಾಗ ಮುಂದಿನ ಸೀಟನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅಲ್ಲಿ ಏರ್‌ಬ್ಯಾಗ್ ಇದೆ. ಹಿಮ್ಮುಖ ಸೀಟಿನ ಬೆನ್ನು ಡ್ಯಾಶ್‌ಬೋರ್ಡಿಗೆ ಹತ್ತಿರವೇ ಇರುತ್ತದೆ, ಏರ್‌ಬ್ಯಾಗ್ ಕಣ್ಣು ಮಿಟುಕಿಸುವುದರೊಳಗೆ ಉಬ್ಬಿ ಅದೇ ಬೆನ್ನಿಗೆ, ಮಗುವಿನ ತಲೆಯ ಹಿಂದೆಯೇ, ಗುದ್ದುತ್ತದೆ. ಚಾಲೂ ಇರುವ ಏರ್‌ಬ್ಯಾಗಿನ ಮುಂದೆ ಹಿಮ್ಮುಖ ಸೀಟು ಇಡಲೇಬಾರದು.

ನಮ್ಮದು ಮೂರು ಸಾಲಿನ ಗಾಡಿ, ಹಾಗಾಗಿ ಮಧ್ಯದ ಸಾಲು. ಐಸೋಫಿಕ್ಸ್ ಸರಳುಗಳು ಬೆನ್ನೂ ಕೂರುವ ಭಾಗವೂ ಕೂಡುವ ಸಂದಿಯಲ್ಲಿ ಅವಿತಿದ್ದವು. ಅಭ್ಯಾಸಬಲ, ಟೇಪು ತೆಗೆದು ಅಳೆದೆ: ಒಂದರ ನಡುವಿನಿಂದ ಇನ್ನೊಂದರ ನಡುವಿಗೆ 28 ಸೆಂ.ಮೀ. ಎಲ್ಲ ಗಾಡಿಗಳಲ್ಲೂ ಇದೇ ಅಳತೆಯಂತೆ. ಗಿರಾಕಿಗಳೆಲ್ಲ ಒಂದೇ ಅಳತೆಯವರಾಗಿದ್ದರೆ ಅಂತ ಒಂದು ಕ್ಷಣ ಆಸೆಯಾಯಿತು. ಕೊಂಡಿಗಳನ್ನು ತಳ್ಳಿದಾಗ 'ಟಕ್' ಅಂದಿತು, ಖುಷಿಯಾಯಿತು. ಒಂದೇ ಸಲ 'ಟಕ್' ಅಂದಿದ್ದು ಗಮನಕ್ಕೇ ಬರಲಿಲ್ಲ. ಎರಡು ಕೊಂಡಿಗೆ ಎರಡು 'ಟಕ್' ಬೇಕು. ಎರಡೂ ಕಡೆಯ ಗುರುತು ಹಸಿರಾಗಬೇಕು. ಎಡಗಡೆಯದು ಇನ್ನೂ ಕೆಂಪಾಗಿಯೇ ಇತ್ತು. ಗಾಡಿಯ ಸೀಟ್ ಬೆಲ್ಟಿನ ಬಕಲ್ ಅಡ್ಡಬಂದು ಕೊಂಡಿ ಪೂರ್ತಿ ಒಳಗೆ ಹೋಗಿರಲಿಲ್ಲ.

ಅದನ್ನು ಸರಿಮಾಡಿದ ಮೇಲೂ ಸೀಟಿನ ತಲೆಯ ಕಡೆ ಹಿಡಿದು ಅಲ್ಲಾಡಿಸಿದರೆ ಅಲ್ಲಾಡುತ್ತಿತ್ತು. ನಾನು ಮಂಡಿಯೂರಿ ಒತ್ತುವುದು, ನಮ್ಮ ಯಜಮಾನರು ತಳ್ಳುವುದು, ಮತ್ತೆ ಅಲ್ಲಾಡಿಸುವುದು. ಎರಡು ಸಂಜೆ ಇದೇ ಆಯಿತು. ನಾವು ಹಿಡಿಯುತ್ತಿದ್ದ ಜಾಗವೇ ತಪ್ಪು. ಸೀಟು ಗಾಡಿಗೆ ಸಿಕ್ಕಿಕೊಂಡಿರುವ ಕಡೆ ಹಿಡಿದು ಅಲ್ಲಾಡಿಸಬೇಕು. ಅಲ್ಲಿ ಒಂದಿಂಚಿಗಿಂತ, ಅಂದರೆ 2.5 ಸೆಂ.ಮೀ.ಗಿಂತ ಹೆಚ್ಚು ಸರಿಯದಿದ್ದರೆ ಸಾಕು. ಹಿಮ್ಮುಖ ಸೀಟಿನ ದೂರದ ತುದಿ ಒಂದಿಷ್ಟು ತೂಗುವುದು ಸಹಜ. ಕೈಪಿಡಿಯಲ್ಲಿ ಇದಕ್ಕೆ ಒಂದು ಚಿತ್ರ, ಒಂದು ಬಾಣ, ಅಷ್ಟೇ. ಒಂದಕ್ಷರ ಬರಹವಿಲ್ಲ. ನಾನು ಒಂದು ಅಂಕ ಕಳೆಯುತ್ತಿರುವುದು ಈ ಕೈಪಿಡಿಗೆ, ಸೀಟಿಗಲ್ಲ.

ಇನ್ನು ಕಾಲಿನ ಕಥೆ. ಮಧ್ಯದ ಸಾಲಿನಲ್ಲಿ ಪಾದ ಇಡುವ ಕಡೆ, ಚಾಪೆ ಎತ್ತಿದರೆ, ಮುಚ್ಚಳವಿರುವ ಒಂದು ಗುಳಿ ಇದೆ, ಸಾಮಾನು ತುಂಬಿಡಲು. ಸೀಟಿನ ಕಾಲು ಸರಿಯಾಗಿ ಆ ಮುಚ್ಚಳದ ಮೇಲೆ ಬಂದು ನಿಂತಿತು. ಗುರುತೂ ಹಸಿರು. ಆದರೆ ಗಾಡಿ ಗುದ್ದಿದಾಗ ಸೀಟು ಮುಂದಕ್ಕೆ ಮಗುಚದಂತೆ ತಡೆಯುವುದೇ ಈ ಕಾಲು. ಕೆಳಗೆ ಟೊಳ್ಳಿದ್ದರೆ ಮುಚ್ಚಳ ಮುರಿದು ಕಾಲು ಒಳಗಿಳಿಯುತ್ತದೆ. ಇದು ಗೊತ್ತಾದಾಗ ನನಗೆ ಹೊಳೆದ ಪರಿಹಾರ ಹೇಳಲು ನಾಚಿಕೆ: ಗುಳಿಯಲ್ಲಿ ಚಿಂದಿ ತುಂಬುವುದು. ಮನೆಯಲ್ಲಿ ಮೂಟೆಗಟ್ಟಲೆ ಕತ್ತರಿಸಿದ ತುಂಡುಗಳಿವೆ, ಒತ್ತಿ ಒತ್ತಿ ತುಂಬಿದರೆ ಕಲ್ಲಿನಂತಾಗುತ್ತದೆ ಅಂತ. ಅರ್ಧ ತುಂಬಿಯೂ ಆಗಿತ್ತು. ಯಜಮಾನರು ಗಾಡಿಯ ಪುಸ್ತಕ (ಸೀಟಿನದ್ದಲ್ಲ, ಗಾಡಿಯದ್ದು) ತೆಗೆದು ಓದಿದರು. ಈ ಗುಳಿಗೆಂದೇ ಗಾಡಿಯವರು ಮಾಡಿದ ಗಟ್ಟಿ ಬ್ಲಾಕ್ ಇದೆ, ಅದನ್ನು ಕೂರಿಸಿದರೆ ಮಾತ್ರ ಕಾಲಿರುವ ಸೀಟು ಹಾಕಬಹುದು ಅಂತ ಅಲ್ಲಿ ಬರೆದಿತ್ತು. ಬ್ಲಾಕ್ ತರಿಸಿದೆವು. ಬರಲು ಹನ್ನೊಂದು ದಿನ ಆಯಿತು. ಎಲ್ಲ ಗಾಡಿಗಳಿಗೂ ಇದು ಸಿಗುವುದಿಲ್ಲ. ಸಿಗದಿದ್ದರೆ ಆ ಜಾಗದಲ್ಲಿ ಕಾಲಿರುವ ಸೀಟು ಬೇಡ, ಬೆಲ್ಟಿನಿಂದ ಕಟ್ಟುವ ಸೀಟು ನೋಡಿ.

ಮುಂದಿನ ಸೀಟಿನ ಜಾಗ ಹೋಗುವುದು ನಿಜ. ನಮ್ಮವರು ಎತ್ತರದ ಆಳು. ಅವರ ಹಿಂದೆ ಇಟ್ಟಿದ್ದರೆ ಮಂಡಿ ಸ್ಟೇರಿಂಗಿಗೆ ತಾಗುತ್ತಿತ್ತು, ಹಾಗಾಗಿ ಪಕ್ಕದ ಸೀಟಿನ ಹಿಂದೆ ಇಟ್ಟೆವು. ಈಗ ನಾನೂ ಅತ್ತೆಯೂ ಮುಂದೆ ಕೂರುವ ಆಸೆ ಬಿಟ್ಟು ಹಿಂದೆಯೇ.

ಎಲ್ಲ ಸರಿಹೋಯಿತು ಅಂದುಕೊಂಡು, ಸೀಟು ಕೂರಿಸುವುದನ್ನು ಕಲಿತು ಬಂದ ಒಬ್ಬಾಕೆಯನ್ನು ಕರೆದು ತೋರಿಸಿದೆವು. ನಿಜ ಹೇಳಬೇಕೆಂದರೆ ಶಭಾಷ್ ಅನ್ನಿಸಿಕೊಳ್ಳಲು. ಆಕೆ ಕೊಂಡಿ ನೋಡಿದರು, ಕಾಲು ನೋಡಿದರು, ತಲೆಯಾಡಿಸಿದರು. ಆಮೇಲೆ ಮಗುವಿನ ಬೆನ್ನ ಹಿಂದೆ ಬೆರಳು ತೂರಿಸಿ, "ಇದು ಯಾರು ಹಾಕಿದ್ದು ಮೇಡಂ?" ಅಂದರು.

"ನಾನೇ ಹೊಲಿದಿದ್ದು."

"ತುಂಬ ಚೆನ್ನಾಗಿದೆ. ತೆಗೆದುಬಿಡಿ."

ಅದು ನಾನು ಎರಡು ರಾತ್ರಿ ಕೂತು ಹೊಲಿದ ಮೆತ್ತೆ. ಒಳಗೆ ಹತ್ತಿ, ಮೇಲೆ ಮಲ್ಲು ಬಟ್ಟೆ, ಪಟ್ಟಿ ಹಾಯಲು ಕಾಜದಂತೆ ಮಡಿಸಿದ ಸೀಳುಗಳು. ಸೀಟು ಗಟ್ಟಿ ಅನ್ನಿಸಿ, ಕೂಸಿಗೆ ಒತ್ತಬಾರದು ಅಂತ ಮಾಡಿದ್ದು. ಆಕೆ ವಾದಕ್ಕೆ ಇಳಿಯಲಿಲ್ಲ. ಮೆತ್ತೆ ಇದ್ದಹಾಗೇ ಪಟ್ಟಿ ಬಿಗಿ ಮಾಡಿ ಅಂದರು, ಮಾಡಿದೆ. ಪಟ್ಟಿಯ ಉದ್ದ ಮುಟ್ಟದೆ ಬಕಲ್ ಮಾತ್ರ ಬಿಚ್ಚಿ ಮಗುವನ್ನು ಎತ್ತಿಕೊಳ್ಳಿ, ಮೆತ್ತೆ ತೆಗೆದು ಮತ್ತೆ ಕೂರಿಸಿ ಬಕಲ್ ಹಾಕಿ ಅಂದರು. ಹಾಕಿದೆ. ಹೆಗಲ ಹತ್ತಿರ ನನ್ನ ನಾಲ್ಕು ಬೆರಳು ಸಲೀಸಾಗಿ ಒಳಗೆ ಹೋದವು. ಗಾಡಿ ಗುದ್ದಿದ ಗಳಿಗೆಯಲ್ಲಿ ಹತ್ತಿ ಅಪ್ಪಚ್ಚಿಯಾಗುತ್ತದೆ, ಆಗ ಉಳಿಯುವುದು ಅಷ್ಟು ಸಡಿಲ. ದಪ್ಪ ಸ್ವೆಟರ್, ಹತ್ತಿ ತುಂಬಿದ ಜಾಕೆಟ್ ಹಾಕಿ ಪಟ್ಟಿ ಕಟ್ಟಬಾರದು ಅನ್ನುವುದೂ ಇದಕ್ಕೇ. ತೆಳು ಬಟ್ಟೆಯಲ್ಲೇ ಪಟ್ಟಿ ಕಟ್ಟಿ, ಹೊದಿಕೆಯನ್ನು ಪಟ್ಟಿಯ ಮೇಲಿಂದ ಹೊದಿಸಬೇಕು.

ಇಪ್ಪತ್ತು ವರ್ಷದಿಂದ ನಾನು ಕಲಿತದ್ದು, ಉಸಿರಾಡಲು ಅರ್ಧ ಇಂಚು ಬಿಡು ಅಂತ. ಬಿಗಿ ಬಂದರೆ ಗಿರಾಕಿ ವಾಪಸ್ ತರುತ್ತಾರೆ. ಇಲ್ಲಿ ಲೆಕ್ಕ ತಿರುಗುಮುರುಗು. ಹೆಗಲ ಬಳಿ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಿ ನೋಡಬೇಕು, ಮಡಿಕೆ ಸಿಕ್ಕಿದರೆ ಸಡಿಲ, ಬೆರಳು ಜಾರಿದರೆ ಸರಿ. ಮೊದಲ ಸಲ ಅಷ್ಟು ಬಿಗಿ ಮಾಡುವಾಗ ನನ್ನ ಕೈ ನಡುಗಿತು. ಕೂಸು ಆಕಳಿಸಿ ನಿದ್ದೆಹೋಯಿತು. ಪಟ್ಟಿ ಹೊರಡುವ ಎತ್ತರವೂ ಮುಖ್ಯ. ಹಿಮ್ಮುಖ ಕೂರುವಾಗ ಅದು ಹೆಗಲ ಮಟ್ಟದಲ್ಲಿ ಅಥವಾ ಒಂಚೂರು ಕೆಳಗೆ ಇರಬೇಕು. ತಲೆದಿಂಬನ್ನು ಮೇಲೆ ಕೆಳಗೆ ಸರಿಸಿದರೆ ಪಟ್ಟಿಯೂ ಜೊತೆಗೇ ಸರಿಯುತ್ತದೆ. ಈ ಏರ್ಪಾಡಿಗೆ ಪೂರ್ತಿ ಅಂಕ. ಸೀಟಿನ ಜೊತೆಗೇ ಬಂದ ಎಳೆಗೂಸಿನ ಮೆತ್ತೆ ಬೇರೆ ಮಾತು, ಅದನ್ನೂ ಸೇರಿಸಿಯೇ ಪರೀಕ್ಷೆ ಮಾಡಿರುತ್ತಾರೆ.

ಒರಗುವ ಕೋನದ ಬಗ್ಗೆ ಒಂದು ಮಾತು. ತೀರ ನೆಟ್ಟಗಾದರೆ ಎಳೆಗೂಸಿನ ತಲೆ ಎದೆಗೆ ಬಾಗಿ ಉಸಿರಿಗೆ ತೊಂದರೆ. ಸೀಟಿನ ಬದಿಯಲ್ಲಿ ಕೋನದ ಗುರುತಿದೆ, ಗಾಡಿಯನ್ನು ಸಮತಟ್ಟಾದ ಕಡೆ ನಿಲ್ಲಿಸಿ ಅದನ್ನು ನೋಡಬೇಕು. ನಾವು ಮೊದಲು ಇಳಿಜಾರಿನಲ್ಲಿ ನಿಲ್ಲಿಸಿ ನೋಡಿ ಗೊಂದಲ ಮಾಡಿಕೊಂಡಿದ್ದೆವು.

ಆರು ತಿಂಗಳಾದ ಮೇಲೆ ದೂರುಗಳು ಇಷ್ಟು. ನಡುವಿನ ಬಕಲ್ ಒತ್ತಲು ಹೆಬ್ಬೆರಳಿಗೆ ಬಲ ಬೇಕು, ಅತ್ತೆಯಿಂದ ಆಗುವುದೇ ಇಲ್ಲ. ಬಿಸಿಲಲ್ಲಿ ನಿಂತ ಗಾಡಿಯಲ್ಲಿ ಬಕಲಿನ ಲೋಹ ಸುಡುತ್ತದೆ, ಪ್ರತಿಸಲ ಮುಟ್ಟಿ ನೋಡಿಯೇ ಕೂರಿಸುತ್ತೇನೆ. ಒಂದು ಗಾಡಿಯಿಂದ ಇನ್ನೊಂದಕ್ಕೆ ದಿನಾ ಬದಲಾಯಿಸುವವರಿಗೆ 13 ಕಿಲೋ ಹೇಳಿಮಾಡಿಸಿದ್ದಲ್ಲ. ಕವರ್ ತೆಗೆಯಲು ಹದಿನಾಲ್ಕು ಎಲಾಸ್ಟಿಕ್ ಕೊಕ್ಕೆ. ಹೊಲಿದವರ ಕೆಲಸ ಮೆಚ್ಚಿದೆ, ಯೋಜನೆ ಮಾಡಿದವರ ಮೇಲೆ ಸಿಟ್ಟು ಬಂತು. ಪಟ್ಟಿಗಳನ್ನು ಮಾತ್ರ ನೆನೆಹಾಕಿ ಒಗೆಯುವಂತಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಬೇಕು.

ಹಿಂದಕ್ಕೆ ಮುಖ ಮಾಡಿ ಕೂತರೆ ಕೂಸಿನ ಕಾಲು ಮಡಚಿಕೊಳ್ಳುತ್ತದೆ ಅಂತ ಅತ್ತೆಗೆ ಈಗಲೂ ಚಿಂತೆ. ಮಗುವಿಗಂತೂ ಇಲ್ಲ, ಪಾದ ಹಿಡಿದು ಬಾಯಿಗೆ ಹಾಕಿಕೊಳ್ಳುವುದೇ ಅದರ ಪ್ರಯಾಣದ ಕೆಲಸ. ಆರ್129 ನಿಯಮ 15 ತಿಂಗಳು ತುಂಬುವವರೆಗೆ ಹಿಮ್ಮುಖ ಕಡ್ಡಾಯ ಮಾಡಿದೆ. ನಾವು 105 ಸೆಂ.ಮೀ. ಮುಟ್ಟುವವರೆಗೆ ಹೀಗೇ ಕೂರಿಸುವುದು ಅಂತ ತೀರ್ಮಾನಿಸಿದ್ದೇವೆ. ಐದಕ್ಕೆ ನಾಲ್ಕು ಅಂಕ.

ಮೊನ್ನೆ ಗಿರಾಕಿಯೊಬ್ಬರು ತಮ್ಮ ಸೀಟಿನ ಹರಿದ ಕವರ್ ಹಿಡಿದುಕೊಂಡು ಬಂದರು. ಇಂಥದ್ದೇ ಒಂದು, ಸ್ವಲ್ಪ ಮೆತ್ತಗೆ, ಹೊಲಿದುಕೊಡಿ ಅಂದರು. ಬಟ್ಟೆಯೂ ಅವರೇ ತಂದಿದ್ದರು, ಒಳ್ಳೆಯ ಬಟ್ಟೆ. ಟೇಪು ಕೊರಳಲ್ಲೇ ಇತ್ತು, ಅಳತೆ ತೆಗೆಯಲಿಲ್ಲ. ಸೀಟು ಮಾಡಿದವರ ಹತ್ತಿರವೇ ತರಿಸಿಕೊಳ್ಳಿ ಅಂದೆ. ಆ ಬಟ್ಟೆಯಲ್ಲಿ ಅವರ ಮಗಳಿಗೆ ಎರಡು ಫ್ರಾಕ್ ಆಯಿತು.