ಬಳಸದೇ ಬಿಟ್ಟ ಹಳೇ ಥೀಮ್‌ನಿಂದಲೇ ಹ್ಯಾಕರ್‌ಗಳು ಒಳಗೆ ಬಂದರು

ವರ್ಡ್‌ಪ್ರೆಸ್‌ನಲ್ಲಿ ಸೈಟ್ ಇಟ್ಟುಕೊಂಡು ಸಣ್ಣಪುಟ್ಟ ವ್ಯಾಪಾರ ಮಾಡುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಡ್ಯಾಶ್‌ಬೋರ್ಡ್‌ಗೆ ಹೋಗಿ ಥೀಮ್‌ಗಳ (ಸೈಟ್ ಹೇಗೆ ಕಾಣಬೇಕು ಅಂತ ಹೊಂದಿಸುವ ಫೈಲ್‌ಗಳ ಕಟ್ಟು) ಪಟ್ಟಿ ತೆಗೆಯಿರಿ. ಈಗ ನಡೆಯುತ್ತಿರುವುದನ್ನು ಬಿಟ್ಟು ಬೇರೆ ಹಳೇ ಥೀಮ್ ಏನಾದರೂ ಇದ್ದರೆ, ಅದರ ಪಾಡಿಗೆ ಅದು ಸುಮ್ನೆ ಬಿದ್ದಿದೆ ಅಂದುಕೊಳ್ಳಬೇಡಿ. ನಮ್ಮ ಅಕ್ಕನ ಸೈಟ್ ಕೆಟ್ಟಿದ್ದು ಅಂಥದ್ದೊಂದು ಥೀಮ್‌ನಿಂದಲೇ.

ಅಕ್ಕ ಕಲಬುರಗಿಯಲ್ಲಿ ಓಣಿಯ ಹೆಣ್ಮಕ್ಕಳ ಜೊತೆ ಸೇರಿ ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಮಾಡಿ ಮಾರುತ್ತಾಳೆ. ಬೆಂಗಳೂರು, ಪುಣೆ, ಹೈದರಾಬಾದಿಗೆ ಹೋಗಿ ನೆಲೆಸಿದ ನಮ್ಮ ಕಡೆಯವರಿಗೆ ಕೊರಿಯರ್ ಮಾಡಲು ಅಂತ ಸೈಟ್ ಮಾಡಿಸಿದ್ದಳು. ಎಳ್ಳ ಅಮಾವಾಸ್ಯೆ ಹತ್ತಿರ ಬಂದರೆ ಆರ್ಡರ್ ಜಾಸ್ತಿ. ಸರಿಯಾಗಿ ಅದೇ ಹೊತ್ತಿಗೆ ಪುಣೆಯ ಗಿರಾಕಿಯೊಬ್ಬರು ಫೋನ್ ಮಾಡಿದರು. "ಅಕ್ಕಾರ, ನಿಮ್ಮ ಸೈಟ್ ತೆಗದ್ರ ಬೆಟ್ಟಿಂಗ್ ಆ್ಯಪ್ ಬರ್ಲಾಕತ್ತದಲ್ರಿ!"

ಅಕ್ಕ ತನ್ನ ಫೋನಿನಲ್ಲಿ ವಿಳಾಸ ಟೈಪ್ ಮಾಡಿ ನೋಡಿದಳು. ಎಲ್ಲಾ ಸರಿಯಾಗಿಯೇ ಇತ್ತು. "ನನಗ ಛಂದ ಕಾಣ್ಲಾಕತ್ತದ ತಮ್ಮಾ, ಅವರಿಗ್ಯಾಕ ಹಂಗ?" ಅಂತ ನನ್ನನ್ನು ಕೇಳಿದಳು. ನಾನು ಗೂಗಲ್‌ನಲ್ಲಿ ಹುಡುಕಿ, ಅಲ್ಲಿಂದ ಒತ್ತಿದೆ. ಬೆಟ್ಟಿಂಗ್ ಪುಟ ಬಂತು. ಸೈಟಿಗೆ ತುರುಕಿದ್ದ ಕಳ್ಳ ಕೋಡ್, ಗೂಗಲ್ ಮೂಲಕ ಮೊಬೈಲ್‌ನಲ್ಲಿ ಬಂದವರನ್ನು ಮಾತ್ರ ಬೇರೆ ಕಡೆ ಅಟ್ಟುತ್ತಿತ್ತು. ಮಾಲೀಕರು ನೇರವಾಗಿ ವಿಳಾಸ ಒತ್ತಿ ಬರುತ್ತಾರೆ, ಹಾಗಾಗಿ ಅವರಿಗೆ ಎಷ್ಟು ದಿನವಾದರೂ ಗೊತ್ತಾಗುವುದಿಲ್ಲ. ನಿಮ್ಮ ಸೈಟನ್ನೂ ಒಮ್ಮೆ ಹೀಗೆ ಗೂಗಲ್‌ನಿಂದ, ಬೇರೆಯವರ ಫೋನಿನಲ್ಲಿ ತೆಗೆದು ನೋಡಿ.

ಹೋಸ್ಟಿಂಗ್‌ನವರಿಗೆ ಹೇಳಿದೆವು. ಹಳೇ ಬ್ಯಾಕಪ್ ಹಾಕಿ "ಸರಿಯಾಯಿತು" ಅಂದರು. ಕೆಲವೇ ದಿನಕ್ಕೆ ಮತ್ತೆ ಅದೇ ಕತೆ. ಸೈಟ್ ಮಾಡಿಕೊಟ್ಟವರನ್ನು ಕೇಳಿದರೆ ಅವರು ತಪ್ಪನ್ನು ಪ್ಲಗಿನ್ (ಸೈಟಿಗೆ ಸೇರಿಸಿಕೊಳ್ಳುವ ಹೆಚ್ಚುವರಿ ಸೌಲಭ್ಯ) ಮೇಲೆ ಹಾಕಿದರು. ಕೊನೆಗೆ ಆಕ್ಸೆಸ್ ಲಾಗ್ ತರಿಸಿಕೊಂಡು ಕೂತೆ. ಯಾರು ಯಾವಾಗ ಯಾವ ವಿಳಾಸ ಕೇಳಿದರು ಅನ್ನುವುದು ಸಾಲುಸಾಲಾಗಿ ಅದರಲ್ಲಿ ಇರುತ್ತದೆ. ರೊಟ್ಟಿ ಪುಟ, ಹಿಂಡಿ ಪುಟ, ಫೋಟೋಗಳ ನಡುವೆ ಒಂದು ವಿಚಿತ್ರ ಸಾಲು ಸಿಕ್ಕಿತು. ಮೊದಲು ಹಳೇ ಥೀಮ್‌ನ ಫೋಲ್ಡರ್ ಹೆಸರು. ಅದರೊಳಗಿನ ಒಂದು ಫೈಲ್. ಆಮೇಲೆ ಪ್ರಶ್ನಾರ್ಥಕ ಚಿಹ್ನೆ. ಅದರ ಮುಂದೆ ಪಿಎಚ್‌ಪಿ (ವರ್ಡ್‌ಪ್ರೆಸ್ ಬರೆದಿರುವ ಭಾಷೆ) ಫಿಲ್ಟರ್, ಬೇಸ್64 ಅಂತ ಏನೇನೋ, ನಂತರ ../../../../ ಅಂತ ಬರೆದು, ತುದಿಗೆ ಡಬ್ಲ್ಯೂಪಿ-ಕಾನ್ಫಿಗ್, ಅಂದರೆ ಸೈಟಿನ ಮುಖ್ಯ ಸೆಟ್ಟಿಂಗ್‌ಗಳ ಫೈಲ್. ಸರ್ವರ್ ಕೊಟ್ಟ ಉತ್ತರ 200. ಅಂದರೆ ಕೇಳಿದ್ದನ್ನು ಕೊಟ್ಟುಬಿಟ್ಟಿದೆ.

ಆ ಫೈಲ್ ತೆರೆದು ನೋಡಿದರೆ ಇದ್ದಿದ್ದು ಒಂದೇ ಸಾಲಿನ ತಪ್ಪು. ವಿಳಾಸದಲ್ಲಿ ಬಂದ ಹೆಸರನ್ನು ಹಾಗೇ ಎತ್ತಿಕೊಂಡು, ಹಿಂದೆ ಡಾಟ್ ಪಿಎಚ್‌ಪಿ ಸೇರಿಸಿ, ಇನ್‌ಕ್ಲೂಡ್‌ಗೆ ಕೊಟ್ಟಿದ್ದರು. ಇನ್‌ಕ್ಲೂಡ್ ಅಂದರೆ ಆ ಫೈಲನ್ನು ತಂದು ಓಡಿಸು ಅಂತ. ಥೀಮ್ ಬರೆದವರ ಲೆಕ್ಕದಲ್ಲಿ ಅಲ್ಲಿಗೆ ಬರುವುದು ಹೆಡರ್, ಫೂಟರ್‌ನಂಥ ಹೆಸರು. ಆದರೆ ಹೊರಗಿನವನು ಏನು ಬೇಕಾದರೂ ಬರೆಯಬಹುದು, ಅಲ್ವಾ? ಒಂದೊಂದು ../ ಒಂದೊಂದು ಫೋಲ್ಡರ್ ಮೇಲಕ್ಕೆ ಹತ್ತಿಸುತ್ತದೆ. ಕಾನ್ಫಿಗ್ ಫೈಲ್ ಸುಮ್ನೆ ಓಡಿದರೆ ಪರದೆ ಮೇಲೆ ಏನೂ ಕಾಣಿಸದು. ಅದಕ್ಕೇ ಕಳ್ಳರು ಫಿಲ್ಟರ್ ಬಳಸಿ, ಓಡಿಸುವ ಬದಲು ಬೇಸ್64 (ಫೈಲಿನಲ್ಲಿರುವುದನ್ನು ಬರೀ ಅಕ್ಷರ, ಅಂಕಿಗಳಾಗಿ ಬರೆಯುವ ರೀತಿ) ಅಕ್ಷರಗಳಾಗಿ ಕಕ್ಕಿಸಿದ್ದಾರೆ. ಹೊರಗಿನ ಸರ್ವರ್‌ನಿಂದ ಫೈಲ್ ಎಳೆದು ಓಡಿಸುವುದನ್ನು ಪಿಎಚ್‌ಪಿ ಈಗ ತಾನಾಗಿಯೇ ತಡೆಯುತ್ತದೆ, ನಿಜ. ಆದರೆ ಆ ತಡೆ ಈ ಫಿಲ್ಟರ್‌ಗೆ ಲಾಗುವಾಗುವುದಿಲ್ಲ.

ಕಾನ್ಫಿಗ್ ಫೈಲಿನಲ್ಲಿ ಡೇಟಾಬೇಸಿನ ಹೆಸರು, ಪಾಸ್‌ವರ್ಡ್ ಎಲ್ಲಾ ಇರುತ್ತದೆ. ಅದು ಸಿಕ್ಕ ಮೇಲೆ ಅವರು ಪಿಎಚ್‌ಪಿಮೈಅಡ್ಮಿನ್ (ಬ್ರೌಸರ್‌ನಲ್ಲೇ ಡೇಟಾಬೇಸ್ ತಿದ್ದುವ ಸಾಧನ) ಮೂಲಕ ಡೇಟಾಬೇಸಿಗೆ ಇಳಿದು ಹೊಸ ಅಡ್ಮಿನ್ ಖಾತೆಯೊಂದನ್ನು ಸೇರಿಸಿದ್ದರು. ಡ್ಯಾಶ್‌ಬೋರ್ಡಿಗೆ ಬಂದು, ಅಲ್ಲಿನ ಥೀಮ್ ಎಡಿಟರ್‌ನಿಂದಲೇ ಕಳ್ಳ ಕೋಡ್ ಅಂಟಿಸಿದ್ದರು. ಬ್ಯಾಕಪ್ ಹಾಕಿದರೂ ಯಾಕೆ ಮರಳಿ ಬಂತು ಅಂತ ಆಗ ಗೊತ್ತಾಯಿತು. ಬ್ಯಾಕಪ್‌ನಲ್ಲಿ ಆ ಥೀಮೂ ಇತ್ತು, ಪಾಸ್‌ವರ್ಡೂ ಅದೇ ಇತ್ತು.

ಸೈಟ್ ಮಾಡಿದವರ ಉತ್ತರ ಒಂದೇ: "ಆ ಥೀಮ್ ಆ್ಯಕ್ಟಿವ್ ಇಲ್ಲ, ಅದರಿಂದ ಏನೂ ಆಗಲ್ಲ." ಈ ಮಾತನ್ನು ಯಾರು ಹೇಳಿದರೂ ನಂಬಬೇಡಿ. ಥೀಮ್ ಅಂದರೆ ಗೋಡೆಗೆ ಬಳಿದ ಬಣ್ಣದ ಹಾಗೆ ಅಂತ ತಿಳಿದವರೇ ಜಾಸ್ತಿ. ಥೀಮ್ ತುಂಬಾ ಇರುವುದು ಪಿಎಚ್‌ಪಿ ಕೋಡ್. ಆ್ಯಕ್ಟಿವ್ ಇರಲಿ ಬಿಡಲಿ, ಫೈಲ್ ಸರ್ವರ್‌ನಲ್ಲಿದ್ದರೆ ಅದರ ವಿಳಾಸ ಕೇಳಿದವರಿಗೆ ಅದು ಓಡುತ್ತದೆ. ಥೀಮ್ ಮಾಡಿದವರು ಮುಂದಿನ ಆವೃತ್ತಿಯಲ್ಲಿ ಈ ತಪ್ಪನ್ನು ತಿದ್ದಿಯೂ ಇದ್ದರು. ಆದರೆ ಲೈಸೆನ್ಸ್ ಇದ್ದದ್ದು ಸೈಟ್ ಮಾಡಿಕೊಟ್ಟವರ ಹೆಸರಿನಲ್ಲಿ. ಅಕ್ಕನಿಗೆ ಅಪ್‌ಡೇಟ್ ಬರಲೇ ಇಲ್ಲ. ನನಗೆ ಎಲ್ಲಕ್ಕಿಂತ ಸಿಟ್ಟು ಬಂದದ್ದು ಇದಕ್ಕೆ.

ಇದೇನೂ ಹೊಸ ಕಾಟವಲ್ಲ. ಸ್ಲೈಡರ್ ರೆವಲ್ಯೂಷನ್ ಅನ್ನುವ ಪ್ಲಗಿನ್‌ನಲ್ಲೂ ಇದೇ ಕಾನ್ಫಿಗ್ ಫೈಲನ್ನು ಹೊರಗಿನವರು ಇಳಿಸಿಕೊಳ್ಳುವ ತೂತಿತ್ತು. 2014ರ ಫೆಬ್ರವರಿಯಲ್ಲೇ ಅದನ್ನು ಸರಿಪಡಿಸಿದ್ದರು. ಆದರೆ ಎಷ್ಟೋ ಥೀಮ್‌ಗಳ ಹೊಟ್ಟೆಯೊಳಗೆ ಅದು ಸೇರಿಕೊಂಡೇ ಬರುತ್ತಿತ್ತು. ತಮ್ಮ ಬಳಿ ಅದಿದೆ ಅಂತಲೇ ಅನೇಕರಿಗೆ ಗೊತ್ತಿರಲಿಲ್ಲ. ಅದೇ ವರ್ಷದ ಡಿಸೆಂಬರ್‌ನಲ್ಲಿ, ಮುಖ್ಯವಾಗಿ ಇದೇ ಪ್ಲಗಿನ್ ಮೂಲಕ, ಸೋಕ್‌ಸೋಕ್ ಅನ್ನುವ ಮಾಲ್‌ವೇರ್ 1 ಲಕ್ಷಕ್ಕೂ ಹೆಚ್ಚು ಸೈಟ್‌ಗಳಿಗೆ ಹರಡಿತು. ಗೂಗಲ್ 11,000ಕ್ಕೂ ಹೆಚ್ಚು ಡೊಮೇನ್‌ಗಳನ್ನು ಕಪ್ಪುಪಟ್ಟಿಗೆ ಹಾಕಿತು.

ನಿಮಗೂ ಹೀಗಾಗಿದ್ದರೆ ಮೊದಲು ಲಾಗ್ ಮತ್ತು ಫೈಲ್‌ಗಳ ಒಂದು ಪ್ರತಿ ತೆಗೆದಿಡಿ. ಅಳಿಸಿಬಿಟ್ಟರೆ ದಾರಿ ಹುಡುಕಲು ಏನೂ ಉಳಿಯುವುದಿಲ್ಲ. ಆಮೇಲೆ ಬಳಸದ ಥೀಮ್‌ಗಳನ್ನು ಡಿಲೀಟ್ ಮಾಡಿ, ಬರೀ ಡಿಆ್ಯಕ್ಟಿವೇಟ್ ಸಾಲದು. ಈಗ ನಡೆಯುತ್ತಿರುವುದರ ಜೊತೆಗೆ ವರ್ಡ್‌ಪ್ರೆಸ್‌ನಲ್ಲೇ ಬರುವ ಹೊಸ ಥೀಮ್ ಒಂದನ್ನು ಇಟ್ಟುಕೊಂಡರೆ ಸಾಕು, ಅದಕ್ಕೂ ಅಪ್‌ಡೇಟ್ ಮಾಡ್ತಾ ಇರಿ. ಡೇಟಾಬೇಸ್, ಹೋಸ್ಟಿಂಗ್, ಅಡ್ಮಿನ್ ಮೂರರ ಪಾಸ್‌ವರ್ಡ್ ಬದಲಿಸಿ. ಕಾನ್ಫಿಗ್ ಫೈಲಿನಲ್ಲಿರುವ ಸಾಲ್ಟ್ ಕೀಗಳನ್ನೂ (ಲಾಗಿನ್ ಗುರುತು ಕಾಯುವ ಗುಪ್ತ ಅಕ್ಷರಗಳು) ಬದಲಿಸಿ, ಆಗ ಲಾಗಿನ್ ಆಗಿ ಕೂತವರೆಲ್ಲ ಹೊರಬೀಳುತ್ತಾರೆ. ಬಳಕೆದಾರರ ಪಟ್ಟಿಯಲ್ಲಿ ಗುರುತಿಲ್ಲದ ಅಡ್ಮಿನ್ ಇದ್ದಾರಾ ನೋಡಿ. ಅಪ್‌ಲೋಡ್ಸ್ ಫೋಲ್ಡರ್‌ನಲ್ಲಿ ಫೋಟೋಗಳ ಮಧ್ಯೆ ಪಿಎಚ್‌ಪಿ ಫೈಲ್ ಕಂಡರೆ ಅದನ್ನು ಅನುಮಾನದಿಂದಲೇ ನೋಡಿ. ಡ್ಯಾಶ್‌ಬೋರ್ಡಿನ ಥೀಮ್ ಎಡಿಟರ್ ಬಂದ್ ಮಾಡಿಸಿ.

ಥೀಮ್ ಬರೆಯುವ ಹುಡುಗರಿಗೆ ಒಂದು ಮಾತು. ವಿಳಾಸದಲ್ಲಿ ಬಂದ ಹೆಸರನ್ನು ಇನ್‌ಕ್ಲೂಡ್‌ಗೆ ಯಾವತ್ತೂ ನೇರವಾಗಿ ಕೊಡಬೇಡಿ. ಯಾವ ಫೈಲ್‌ಗಳು ಬರಬಹುದೋ ಅವುಗಳದ್ದೇ ಪಟ್ಟಿ ಮಾಡಿ, ಪಟ್ಟಿಯಲ್ಲಿದ್ದರೆ ಮಾತ್ರ ತೆರೆಯಿರಿ. ಪ್ರತಿ ಫೈಲಿನ ತಲೆಗೆ ಎಬಿಎಸ್‌ಪಾತ್ ತಪಾಸಣೆಯ (ಫೈಲ್ ವರ್ಡ್‌ಪ್ರೆಸ್ ಮೂಲಕವೇ ಓಡುತ್ತಿದೆಯಾ ಅಂತ ನೋಡುವ) ಒಂದು ಸಾಲು ಹಾಕಿದರೆ ಹೊರಗಿನಿಂದ ನೇರವಾಗಿ ಓಡಿಸಲು ಆಗುವುದಿಲ್ಲ.

ಡೇಟಾಬೇಸ್ ಹೋದರೆ ಗಿರಾಕಿಗಳ ಹೆಸರು, ಫೋನ್ ನಂಬರ್, ಮನೆ ವಿಳಾಸವೂ ಹೋದ ಹಾಗೆ. ಅದನ್ನು ಮುಚ್ಚಿಡಬೇಡಿ. ಅಕ್ಕ ಆರ್ಡರ್ ಕೊಟ್ಟವರಿಗೆಲ್ಲ ವಾಟ್ಸ್ಆ್ಯಪ್ ಮಾಡಿದಳು: "ರೊಟ್ಟಿ ಪಾರ್ಸಲ್ ನಿಂತದ, ರೊಕ್ಕ ಹಾಕ್ರಿ ಅಂತ ಯಾರರ ಲಿಂಕ್ ಕಳಿಸಿದ್ರ ಒತ್ತಬ್ಯಾಡ್ರಿ. ನಾವು ಕಳಿಸಿದ್ದಲ್ಲ ಅದು." ಯಾರಾದರೂ ಹಣ ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಲು ಹೇಳಿ. ಎಷ್ಟು ಬೇಗ ಹೇಳಿದರೆ ಆ ಹಣವನ್ನು ಬ್ಯಾಂಕಿನಲ್ಲೇ ತಡೆಹಿಡಿಯುವ ಸಾಧ್ಯತೆ ಅಷ್ಟು ಜಾಸ್ತಿ.