ಈಗಿನ ಓನರ್ ಹೊಗಳಿದರು ಅಂತ ಮನೆ ಬಾಡಿಗೆಗೆ ಕೊಡಬೇಡಿ

ಮನೆ ಕೇಳಿಕೊಂಡು ಬಂದವರನ್ನು ಅವರ ಈಗಿನ ಓನರ್ ಬಾಯಿ ತುಂಬಾ ಹೊಗಳಿದರೆ ದಯವಿಟ್ಟು ಅಲ್ಲೇ ಸ್ವಲ್ಪ ನಿಲ್ಲಿ. ನಾನು ನಿಲ್ಲಲಿಲ್ಲ. 5 ತಿಂಗಳ ಬಾಡಿಗೆ ಬರಲಿಲ್ಲ, ಅಡುಗೆಮನೆ ಹಾಳಾಯಿತು, ಮನೆಯಲ್ಲಿ ನೆಮ್ಮದಿಯೂ ಹೋಯಿತು.

ನಮ್ಮದು ದೊಡ್ಡ ಆಸ್ತಿಯೇನಲ್ಲ. ಕೆಳಗೆ ನಾವು, ಮೇಲೆ ಬಾಡಿಗೆಗೆ ಒಂದು ಮನೆ. ಆ ಬಾಡಿಗೆಯಲ್ಲೇ ಸಾಲದ ಕಂತು ಕಟ್ಟುವುದು. ಮನೆ ಖಾಲಿ ಬಿದ್ದು ಒಂದೂವರೆ ತಿಂಗಳಾಗಿತ್ತು, ಕಂತು ಕೈಯಿಂದ ಹೋಗುತ್ತಿತ್ತು. ಹಾಗಾಗಿ ನನಗೆ ಆತುರ ಇತ್ತು, ಒಪ್ಪಿಕೊಳ್ಳುತ್ತೇನೆ.

ಆಗ ಬಂದವನು ಇವನು. ಹೆಂಡತಿ, ಒಂದು ಚಿಕ್ಕ ಮಗು. ಮಾತು ಮೃದು. ನಾನೇನೂ ಸುಮ್ನೆ ಕೀ ಕೊಡಲಿಲ್ಲ. ಗುರುತಿನ ಚೀಟಿ ನೋಡಿದೆ, ಕೆಲಸದ ಪತ್ರ ನೋಡಿದೆ. ಆಗ ಇದ್ದ ಮನೆಯ ಓನರ್ ನಂಬರ್ ಇಸ್ಕೊಂಡು ನಾನೇ ಫೋನ್ ಮಾಡಿದೆ. "ಧೈರ್ಯವಾಗಿ ಕೊಡಿ ಮೇಡಂ. ಇಂಥವರು ಸಿಗಲ್ಲ. ಒಂದನೇ ತಾರೀಕು ಬಾಡಿಗೆ ಬಂದುಬಿಡುತ್ತೆ" ಅಂದರು. ಮತ್ತೆ ಯಾಕೆ ಬಿಡ್ತಿದ್ದಾರೆ ಅಂತ ಕೇಳಿದೆ. "ಆಫೀಸ್ ದೂರ ಆಗುತ್ತಂತೆ, ಪಾಪ." ಆ "ಪಾಪ" ಕೇಳಿ ನಾನು ಕರಗಿಹೋದೆ.

ಅಗ್ರಿಮೆಂಟ್ ಆಯಿತು. 3 ತಿಂಗಳ ಬಾಡಿಗೆ ಅಡ್ವಾನ್ಸ್. ಮೊದಲ 4 ತಿಂಗಳು ತೊಂದರೆ ಇಲ್ಲ. ಐದನೇ ತಿಂಗಳು ಒಂದು ಸ್ಕ್ರೀನ್‌ಶಾಟ್ ಬಂತು. "ಹಾಕಿದ್ದೀನಿ ಆಂಟಿ, ನೋಡಿ." ನೋಡಿದೆ, ಮೊತ್ತ ಸರಿ ಇತ್ತು, ಸರಿ ಅಂದೆ. ವಾರ ಕಳೆದರೂ ಖಾತೆಗೆ ದುಡ್ಡು ಬರಲಿಲ್ಲ. ಆ ಚಿತ್ರವನ್ನು ಮಗನಿಗೆ ತೋರಿಸಿದೆ. ಅದು ಮುಂದಿನ ತಾರೀಕಿಗೆ ನಿಗದಿ ಮಾಡಿಟ್ಟ ಪಾವತಿ, ಹೋದ ಹಣ ಅಲ್ಲ ಅಂದ. ಅಂಥದ್ದನ್ನು ಆಮೇಲೆ ರದ್ದು ಮಾಡಬಹುದಂತೆ. ಅವನು ಮಾಡಿದ್ದ.

ಆಮೇಲೆ ಬಂದ ಉತ್ತರಗಳು ಇವತ್ತಿಗೂ ನನ್ನ ಫೋನಿನಲ್ಲಿವೆ. "ಸಂಬಳ ಲೇಟಾಗಿದೆ ಆಂಟಿ." "ಮಗುಗೆ ಹುಷಾರಿಲ್ಲ, ಇಂಥ ಹೊತ್ತಲ್ಲಿ ಕೇಳ್ತೀರಲ್ಲ." ಅದನ್ನು ಓದಿ ನನಗೇ ನಾಚಿಕೆಯಾಗಿ 10 ದಿನ ಕೇಳಲಿಲ್ಲ. ಕೇಳಿದಾಗ ಬಂದದ್ದು, "ಅಡ್ವಾನ್ಸ್ ಇದೆಯಲ್ಲ ಆಂಟಿ, ಅದರಲ್ಲೇ ಹಿಡ್ಕೊಳ್ಳಿ."

ಅದರಲ್ಲೇ ಹಿಡ್ಕೊಳ್ಳಿ! ಅಡ್ವಾನ್ಸ್ ಬಾಡಿಗೆಗೇ ಮುಗಿದರೆ ಮನೆ ಹಾಳಾದದ್ದಕ್ಕೆ ಏನು ಉಳಿಯುತ್ತೆ? ಅಗ್ರಿಮೆಂಟಿನಲ್ಲಿ ಅದನ್ನು ಬಾಡಿಗೆಗೆ ವಜಾ ಮಾಡುವಂತಿಲ್ಲ ಅಂತ ಒಂದು ಸಾಲು ಬರೆಸಬೇಕಿತ್ತು. ನಾನು ಬರೆಸಿರಲಿಲ್ಲ. ಅದು ಅವನಿಗೆ ಗೊತ್ತಿತ್ತು.

ಕೊನೆಗೆ ಹಳೆಯ ಓನರ್ ಮನೆಗೇ ಹೋದೆ. ಗೇಟಿನ ಹತ್ತಿರ ನಿಂತು ನಾನು ಯಾರು ಅಂತ ಹೇಳಿದೆ ಅಷ್ಟೇ. ವಿಷಯ ಇನ್ನೂ ಬಾಯಿಗೆ ಬಂದಿರಲಿಲ್ಲ. ಅವರೇ ಕೇಳಿದರು, "ನಿಮಗೂ ಹಾಗೇ ಮಾಡಿದನಾ?"

ನಿಮಗೂ. ಆ ಒಂದು ಮಾತಿಗೆ ನನ್ನ ಕೈಕಾಲು ತಣ್ಣಗಾಯಿತು. ಇವರಿಗೆ ಎಲ್ಲಾ ಗೊತ್ತಿತ್ತು! ನಾನು ಫೋನ್ ಮಾಡಿದ ದಿನವೇ ಗೊತ್ತಿತ್ತು. ಯಾಕೆ ಹೇಳಲಿಲ್ಲ ಅಂದೆ. "ನನಗೆ 7 ತಿಂಗಳು ಕೊಟ್ಟಿರಲಿಲ್ಲ ಮೇಡಂ. ಖಾಲಿ ಮಾಡಿದರೆ ಸಾಕಾಗಿತ್ತು. ನಿಜ ಹೇಳಿದ್ದರೆ ನೀವು ಮನೆ ಕೊಡ್ತಿದ್ರಾ?" ಮುಖದಲ್ಲಿ ಒಂದು ಚೂರು ಸಂಕೋಚ ಇರಲಿಲ್ಲ. ಬಾಡಿಗೆ ಕೊಡದವನ ಮೇಲಿನ ಸಿಟ್ಟಿಗಿಂತ ಇವರ ಮೇಲಿನ ಸಿಟ್ಟೇ ನನಗೆ ಇವತ್ತಿಗೂ ಜಾಸ್ತಿ. ಅವರೂ ನನ್ನ ಹಾಗೆ ಒಂದು ಮನೆ ಬಾಡಿಗೆಗೆ ಕೊಟ್ಟು ಬದುಕುವವರೇ ಅಲ್ವಾ?

ನೀರು ನಿಲ್ಲಿಸೋಣ, ಬೀಗ ಬದಲಾಯಿಸೋಣ ಅಂತ ನಮ್ಮ ಮನೆಯವರು ಹೊರಟಿದ್ದರು. ವಕೀಲರು ತಡೆದರು. ಹಾಗೆ ಮಾಡಿದರೆ ಬಾಡಿಗೆ ಕೊಡದವನೇ ನಮ್ಮ ಮೇಲೆ ದೂರು ಕೊಡಬಹುದು, ಮೊದಲು ಬರವಣಿಗೆಯಲ್ಲಿ ನೋಟಿಸ್ ಕೊಡಿ ಅಂದರು. ಕೊಟ್ಟೆವು.

ಅಷ್ಟರಲ್ಲಿ ಒಬ್ಬ ಹೆಂಗಸು ಫೋನ್ ಮಾಡಿದರು. ಇವನು ಅವರ ಮನೆ ಕೇಳಿದ್ದಾನಂತೆ, ಹೇಗೆ ಜನ ಅಂದರು. ಒಳ್ಳೆಯವರು ಅಂದುಬಿಟ್ಟಿದ್ದರೆ ಆ ವಾರವೇ ಮನೆ ಖಾಲಿ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಮನೆ ಕೊಡಲಿಲ್ಲ. ಇವನು ನಮ್ಮಲ್ಲೇ ಇನ್ನೂ 2 ತಿಂಗಳು ಕೂತ, ಅದೂ ಬಾಡಿಗೆ ಇಲ್ಲದೆ.

ಹೋದ ಮೇಲೆ ನೋಡಿದರೆ ಸಿಂಕಿನ ಕೆಳಗೆ ಪೈಪು ಸೋರಿ ಸೋರಿ ಕಪಾಟಿನ ಮರವೆಲ್ಲ ಉಬ್ಬಿಹೋಗಿತ್ತು. ಮೊದಲೇ ಒಂದು ಮಾತು ಹೇಳಿದ್ದರೆ ಒಂದು ವಾಷರ್ ಹಾಕಿದರೆ ಮುಗಿಯುತ್ತಿತ್ತು. ಫೋನ್ ಮಾಡಿದರೆ, "ನಾವು ಬಂದಾಗಲೇ ಹಾಗಿತ್ತಲ್ಲ ಆಂಟಿ." ಇರಲಿಲ್ಲ! ಆದರೆ ನನ್ನ ಹತ್ತಿರ ಒಂದು ಫೋಟೋ ಇಲ್ಲ. ಕರೆಂಟ್ ಬಿಲ್ ಬೇರೆ ನನ್ನ ಹೆಸರಿನಲ್ಲೇ ಬಾಕಿ.

ದಯವಿಟ್ಟು ಕೇಳಿ. ಈಗಿನ ಓನರ್ ಅಲ್ಲ, ಅದಕ್ಕಿಂತ ಹಿಂದಿನ ಮನೆಯ ಓನರ್‌ನ ಹುಡುಕಿ ಕೇಳಿ. ಅವರಿಗೆ ಯಾರನ್ನೂ ಸಾಗಹಾಕಬೇಕಾದ ದರ್ದು ಇರಲ್ಲ. ಸಾಧ್ಯವಾದರೆ ಅಕ್ಕಪಕ್ಕದವರನ್ನೂ ಮಾತಾಡಿಸಿ. ಸ್ಕ್ರೀನ್‌ಶಾಟ್ ನೋಡಿ ಸರಿ ಅನ್ನಬೇಡಿ, ನಿಮ್ಮ ಖಾತೆ ನೋಡಿ. ಕೀ ಕೊಡುವ ದಿನ ಅವರನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಪ್ರತಿ ಕೋಣೆ, ಸಿಂಕಿನ ಕೆಳಗೆ, ಮೀಟರ್ ರೀಡಿಂಗ್, ಎಲ್ಲದರ ಫೋಟೋ ತೆಗೆದು ಅವರಿಗೂ ಕಳಿಸಿಬಿಡಿ. ಒಂದು ತಿಂಗಳು ತಪ್ಪಿದಾಗಲೇ ಬರವಣಿಗೆಯಲ್ಲಿ ಕೇಳಿ. ನಾನು ಮುಖ ನೋಡಿ ಮುಲಾಜಿಗೆ ಬಿದ್ದು 3 ತಿಂಗಳು ಬರೀ ಬಾಯಿಮಾತಿನಲ್ಲೇ ಕೇಳಿದೆ.

ಮತ್ತೆ ಯಾರಾದರೂ ನಿಮಗೆ ಫೋನ್ ಮಾಡಿ "ಇವರು ಹೇಗೆ" ಅಂತ ಕೇಳಿದರೆ, ನಿಜ ಹೇಳಿ.